ಅಪ್ಪನ ಸೊಂಟದ ದಿಂಬು

ಅಪ್ಪಾ,

ನೀನು ಹೋಗಿ ಎರಡು ವರ್ಷವಾದರೂ ಈ ಮಹತ್ವದ ಸುದ್ದಿಯನ್ನು ನಿನಗೇ ಮೊದಲು ತಿಳಿಸಬೇಕು. ಬೆನ್ನಿನ ಆಪರೇಷನ್ ಆದ ಹನ್ನೆರಡನೇ ದಿನವಾದ ಇಂದು ನಾನು ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕುಳಿತೆ! ಕೂತು ಬರೆದೇ ಹೊಟ್ಟೆ ಹೊರೆದವನಿಗೆ ಕೂರುವುದನ್ನು ಕಲಿಸಲು ಫಿಸಿಯೋಥೆರಪಿ ಮೇಡಂ ಮನೆಗೇ ಬಂದಿದ್ದರು. ಸೊಂಟದ ಹಿಂದೆ ಪುಟ್ಟ ದಿಂಬೊಂದನ್ನಿಟ್ಟು, "ಎಲ್ಲಿಗೆ ಹೋದ್ರೂ ಇದನ್ನ ತಗೊಂಡೇ ಹೋಗಿ ಸರ್, ನಾಚ್ಕೋಬೇಡಿ" ಅಂದರು. ಹಾಯೆನಿಸಿತು.

ನಿನ್ನ ಸೊಸೆ ಸುಮ್ಮನಿರಬೇಕಲ್ಲ! "ಮಾವನೋರು ಕಂಕುಳಲ್ಲಿ ಇಟ್ಕೊಂಡು ಓಡಾಡ್ತಿದ್ದಿದ್ದೂ ಇಂಥದ್ದನ್ನೇ ಅಲ್ವೇನ್ರೀ? ನಿಮ್ಮ ಬಗ್ಗೆನೂ ಒಂದು ಅಂಕಣ ಬರ್ಕೊಳ್ಳಿ, ಜನ ನಗ್ಲಿ" ಅಂದಳು.

ಮೂವತ್ತು ವರ್ಷ ಬಸ್ಸು ಓಡಿಸಿದ ಬೆನ್ನು ನಿನ್ನದು. 'ದಿಂಬಪ್ಪನ ದಿಗ್ವಿಜಯ' ಅಂತ ನಿನ್ನ ಮೇಲೆ ನಾನು ಅಂಕಣ ಬರೆದಾಗ ಓದಿದವರೆಲ್ಲ ನಕ್ಕರು, ನೀನೂ ನಕ್ಕೆ. ಮರುದಿನವೇ ದಿಂಬು ಕಪಾಟು ಸೇರಿತು. ನಿನಗೆ ವಾಸಿಯಾಯಿತೆಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆಮೇಲೆ ಯಾರ ಮದುವೆಗೆ ಹೋದರೂ ನೀನು ಗೋಡೆಗೊರಗಿ ನಿಂತೇ ಇರುತ್ತಿದ್ದೆ. ಕೂತ್ಕೋ ಅಂದರೆ, "ನಿಂತ್ರೇನೇ ಎಲ್ಲಾ ಚೆನ್ನಾಗಿ ಕಾಣ್ಸುತ್ತೆ ಕಣೋ" ಅನ್ನುತ್ತಿದ್ದೆ.

ಆ ಮಾತನ್ನು ನಾನು ನಂಬಿದ್ದೆನೋ, ನಂಬಿದವನಂತೆ ಕೂತಿದ್ದೆನೋ, ಬೆಳಗಿನಿಂದ ಯೋಚಿಸಿದರೂ ಗೊತ್ತಾಗುತ್ತಿಲ್ಲ.