ಶೆಫ್ ಹಾಲ್‌ಗೆ ಬಂದ ದಿನ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 10

ನಲವತ್ತು ಗ್ಲಾಸ್ ಒರೆಸಿಟ್ಟೆ. ಒಂದರಲ್ಲೂ ಬೆರಳಿನ ಗುರುತಿಲ್ಲ. ಟೇಬಲ್ ಹತ್ತು, ಬುಕಿಂಗ್ ಎರಡು. ಈ ರೆಸ್ಟೋರೆಂಟ್ ಬಾಗಿಲು ತೆರೆದು ಇವತ್ತಿಗೆ ಹನ್ನೊಂದು ದಿನ. ಮೊದಲು ಇದು ಪ್ರಿಂಟಿಂಗ್ ಪ್ರೆಸ್ ಆಗಿತ್ತಂತೆ. ಎಷ್ಟು ತಿಕ್ಕಿದರೂ ನೆಲದ ಮೂಲೆಯ ಮಸಿ ಹೋಗಿಲ್ಲ.

ಮೂವತ್ತೊಂದು ವರ್ಷ ದೊಡ್ಡ ಹೋಟೆಲಿನಲ್ಲಿ ಬಡಿಸಿದವನು, ಇಪ್ಪತ್ತಾರರ ಹುಡುಗಿಯ ಕೈಕೆಳಗೆ ಯಾಕೆ ಹೋದಿರಿ? ಮನೆಯವಳ ಪ್ರಶ್ನೆ, ದಿನಾ. ಇಂಟರ್‌ವ್ಯೂ ದಿನ ಶೆಫ್ ನನ್ನನ್ನು ಏನೂ ಕೇಳಲಿಲ್ಲ. ಕೆಂಡದಲ್ಲಿ ಸುಟ್ಟ ಒಂದು ಈರುಳ್ಳಿ ಕೊಟ್ಟಳು. ಬೆಣ್ಣೆ, ಉಪ್ಪು, ಮತ್ತೇನಿಲ್ಲ. ತಿಂದೆ. ಬಂದೆ. ಅಷ್ಟೇ.

ಮಾರ್ಚ್ 19, ಮಂಗಳವಾರ

ಒಬ್ಬರೂ ಬರಲಿಲ್ಲ. ಆದರೂ ಶೆಫ್ ಹತ್ತು ಟೇಬಲಿಗೂ ಆಗುವಷ್ಟು ಬ್ರೆಡ್ ಸುಟ್ಟಿದ್ದಳು.

"ಶೆಫ್, ಇವತ್ತು ಯಾರೂ ಬರಲ್ಲ ಅಂತ ಗೊತ್ತಿತ್ತಲ್ಲ..."

"ಬಂದ್ಬಿಟ್ರೆ, ಮಾಮ? ಇಲ್ಲ ಅನ್ನೋಕಾಗುತ್ತಾ?"

ಬುಕಿಂಗ್ ನೋಡಿಕೊಳ್ಳುವುದು ಅವಳ ಅಣ್ಣ. ಫೋನ್ ಹಿಡಿದು ಇಂಗು ತಿಂದ ಮಂಗನ ಹಾಗೆ ಕೂತಿದ್ದ. "ಹಾಲ್‌ಗೆ ಬಂದು ಗೆಸ್ಟ್ ಹತ್ರ ನಾಲ್ಕು ಮಾತಾಡು ಅಂದ್ರೆ ಕೇಳಲ್ಲ ಇವ್ಳು. ನೀವಾದ್ರೂ ಹೇಳಿ."

ಶೆಫ್‌ಗೆ ಹೇಳಿದೆ. ಅವಳ ಉತ್ತರ: "ಜನರ ಮುಂದೆ ನನಗೆ ಬಾಯೇ ಬರಲ್ಲ ಮಾಮ. ತಟ್ಟೆ ಮಾತಾಡ್ಲಿ ಬಿಡಿ."

ಮೇ 12, ಭಾನುವಾರ

ಹತ್ತಕ್ಕೆ ಹತ್ತು ಭರ್ತಿ! ಮೊದಲ ಸಲ. ಕಾಲು ಕೆಳಗೆ ನಿಲ್ಲಲಿಲ್ಲ.

ಬೀಟ್‌ರೂಟನ್ನು ಉಪ್ಪಿನ ಹಿಟ್ಟಿನೊಳಗಿಟ್ಟು ಶೆಫ್ ಬೇಯಿಸುತ್ತಾಳೆ. ಆ ಗಟ್ಟಿ ಹಿಟ್ಟನ್ನು ಟೇಬಲಿನ ಮೇಲೆ ಒಡೆಯುವುದು ನನ್ನ ಕೆಲಸ. ಒಡೆದಾಗ ಬರುವ ಪರಿಮಳಕ್ಕೆ ಮಾತಾಡುತ್ತಿದ್ದವರು ಮಾತು ನಿಲ್ಲಿಸುತ್ತಾರೆ. ನಾಲ್ಕನೇ ಟೇಬಲಿನಲ್ಲಂತೂ ಜಗಳವೇ ನಿಂತಿತು, ಗಂಡ ಹೆಂಡತಿಯದು.

ಶೆಫ್ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ನಾನು ತಿರುಗಿದ್ದೇ ತಡ, ಮಾಯ.

ಸೆಪ್ಟೆಂಬರ್ 21, ಶನಿವಾರ. ಸಂಜೆ 5, ಆಸ್ಪತ್ರೆ

ಬಿಲ್ಲಿನ ಹಿಂದೆ ಬರೆಯುತ್ತಿದ್ದೇನೆ. ಆಮೇಲೆ ಡೈರಿಗೆ ಅಂಟಿಸಬೇಕು.

ಮಧ್ಯಾಹ್ನ ಒಂದೂವರೆ. ಹಾಲ್ ಭರ್ತಿ. ಕಾಡಿನ ಅಣಬೆಯ ಸೂಪ್ ಹದಿನೇಳು ಬಟ್ಟಲು ಹೋಗಿತ್ತು. ಇನ್ನಷ್ಟು ಬೇಕೆಂದು ಶೆಫ್ ಎರಡನೇ ಬುಟ್ಟಿಯ ಅಣಬೆ ಆರಿಸುತ್ತಿದ್ದಳು. ಕೈ ನಿಂತಿತು. ಒಂದು ಅಣಬೆ ಎತ್ತಿ ಬೆಳಕಿಗೆ ಹಿಡಿದಳು. ಕಾಂಡದ ಬುಡ ಬೇರೆ ಥರ.

"ಇದು ನಮ್ಮದಲ್ಲ. ವಿಷದ್ದು ಇರಬೇಕು." ಮುಖ ಬಿಳಿಚಿತ್ತು. "ಮೊದಲನೇ ಬುಟ್ಟಿನೂ ನಾನೇ ಆರಿಸಿದ್ದು ಮಾಮ. ಅದರಲ್ಲೂ ಇತ್ತೋ ಏನೋ..."

ಅಣ್ಣ ಓಡಿ ಬಂದ. "ಸುಮ್ನಿರು. ಯಾರಿಗೂ ಏನೂ ಆಗಿಲ್ಲ. ಈಗ ಬಾಯಿ ಬಿಟ್ರೆ ನಾಳೆಯಿಂದ ಈ ಬಾಗಿಲು ತುಳಿಯೋರು ಯಾರು?"

"ಆಗೋವರೆಗೂ ಕಾಯ್ಬೇಕಾ?"

ಏಪ್ರನ್ ಬಿಚ್ಚಲಿಲ್ಲ. ನೇರ ಹಾಲ್‌ನ ನಡುವೆ ಬಂದು ನಿಂತಳು. ಆ ಅಣಬೆ ಇನ್ನೂ ಕೈಯಲ್ಲೇ ಇತ್ತು. ದನಿ ನಡುಗಲಿಲ್ಲ.

"ದಯವಿಟ್ಟು ಯಾರೂ ಸೂಪ್ ಕುಡೀಬೇಡಿ. ಇಲ್ಲಿ ಅಡುಗೆ ಮಾಡೋಳು ನಾನು. ಅಣಬೆ ಆರಿಸೋದ್ರಲ್ಲಿ ನಾನು ತಪ್ಪು ಮಾಡಿರಬಹುದು. ಕುಡಿದವರೆಲ್ಲ ನನ್ನ ಜೊತೆ ಆಸ್ಪತ್ರೆಗೆ ಬನ್ನಿ. ಈಗಲೇ."

ಒಬ್ಬರು ಕೂಗಾಡಿದರು. ಒಬ್ಬಾಕೆ ಅತ್ತರು. ಇವಳು ತಲೆ ತಗ್ಗಿಸಲಿಲ್ಲ. ಎಲ್ಲರ ಹೆಸರು ಬರೆದುಕೊಂಡು, ಟ್ಯಾಕ್ಸಿ ಹತ್ತಿಸಿ, ಕೊನೆಗೆ ತಾನು ಹತ್ತಿದಳು. ನಾನೂ ಜೊತೆಗೆ. ಸೂಪಿನ ರುಚಿ ನೋಡಿದ್ದು ನಾವಿಬ್ಬರೂ ತಾನೆ... ಡಾಕ್ಟರ್ ಆ ಅಣಬೆಯನ್ನು ಪರೀಕ್ಷೆಗೆ ಕಳಿಸಿದ್ದಾರೆ. ಬೆಳಗಾಗುವವರೆಗೆ ಎಲ್ಲರೂ ಇಲ್ಲೇ ಇರಬೇಕಂತೆ.

ಸೆಪ್ಟೆಂಬರ್ 23, ಸೋಮವಾರ

ಎಲ್ಲರೂ ಮನೆಗೆ. ಇಬ್ಬರಿಗೆ ಮಾತ್ರ ವಾಂತಿ. ಈಗ ಗುಣ. ಅಣಬೆ ವಿಷದ್ದೇ ಹೌದು, ಮೊದಲನೇ ಬುಟ್ಟಿಯಲ್ಲೂ ಒಂದು ಚೂರು ಇದ್ದಿರಬೇಕು ಎಂದರು ಡಾಕ್ಟರ್. "ಬೇಗ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತಮ್ಮ."

ಆಗ ಅತ್ತರು ಶೆಫ್. ವಾರ್ಡಿನ ಬಾಗಿಲಲ್ಲಿ, ಗೋಡೆಗೆ ಹಣೆ ಇಟ್ಟು.

— ಬರೆಯುವಾಗ 'ಅತ್ತಳು' ಬರಲಿಲ್ಲ. 'ಅತ್ತರು' ಬಂತು. ಇರಲಿ. ಇನ್ನು ಹಾಗೇ.

ಅಕ್ಟೋಬರ್ 16, ಬುಧವಾರ. ಮಧ್ಯಾಹ್ನ 4

ಇಪ್ಪತ್ತೈದು ದಿನ ಬೀಗ. ಅಧಿಕಾರಿಗಳು ಬಂದರು, ನೋಡಿದರು, ತೆರೆಯಲು ಒಪ್ಪಿಗೆ ಕೊಟ್ಟರು. ಇವತ್ತು ತೆರೆದೆವು. ಬುಕಿಂಗ್ ಸೊನ್ನೆ. ಶೆಫ್ ಮಾತ್ರ ಹತ್ತು ಟೇಬಲಿಗೂ ಬ್ರೆಡ್ ಸುಟ್ಟರು.

ಒಂದು ಗಂಟೆಗೆ ಮೂವರು ಬಂದರು. ಹಿಂದೆ ಐವರು. ಆಮೇಲೆ ಸಾಲು. ಗಂಡಸರು, ಹೆಂಗಸರು. ಗೆಸ್ಟ್‌ಗಳ ನಡಿಗೆಯಲ್ಲ. ಮುಂಗೈ ನೋಡಿದೆ, ಸುಟ್ಟ ಗಾಯದ ಕಲೆಗಳು. ಊರಿನ ಬೇರೆ ಬೇರೆ ಹೋಟೆಲುಗಳ ಅಡುಗೆಯವರು! ರಜೆ ಹಾಕಿ ಬಂದಿದ್ದರು. ಎಲ್ಲ ಟೇಬಲೂ ತುಂಬಿ, ಇಬ್ಬರು ಕಿಟಕಿ ಕಟ್ಟೆ ಮೇಲೆ ಕೂತರು.

ಊಟವಾದ ಮೇಲೆ ಅವರಲ್ಲಿ ಹಿರಿಯರೊಬ್ಬರು ಅಡುಗೆಮನೆ ಬಾಗಿಲಿಗೆ ಹೋದರು.

"ಮಗಳೇ, ನಲವತ್ತು ವರ್ಷದಿಂದ ಒಲೆ ಮುಂದೆ ನಿಂತಿದ್ದೀನಿ. ಇಂಥಾ ಗಳಿಗೆ ನನಗೂ ಬಂದಿತ್ತು. ನಾನು ಹಾಲ್‌ಗೆ ಹೋಗಲಿಲ್ಲ."

ಶೆಫ್ ಒಂದು ತುಂಡು ಬ್ರೆಡ್ ಮುರಿದು ಅವರ ಕೈಗಿಟ್ಟರು.

ಅಕ್ಟೋಬರ್ 17, ಗುರುವಾರ. ಬೆಳಿಗ್ಗೆ 6

ನಿದ್ದೆ ಬರಲಿಲ್ಲ. ಇವತ್ತು ಶೆಫ್‌ಗೆ ಹೇಳಬೇಕು. ಅದಕ್ಕೂ ಮೊದಲು ಇಲ್ಲಿ. ಮನೆಯವಳಿಗೂ ಹೇಳಿಲ್ಲ, ಹತ್ತೊಂಬತ್ತು ವರ್ಷ.

ದೊಡ್ಡ ಹೋಟೆಲು, ಮದುವೆಯ ಊಟ. ಮೀನು ಕೆಟ್ಟು ವಾಸನೆ ಬಂದಿತ್ತು. ಟ್ರೇ ನನ್ನ ಕೈಯಲ್ಲೇ ಇತ್ತು. ಮ್ಯಾನೇಜರ್ ಕಣ್ಣಲ್ಲೇ 'ನಡಿ' ಎಂದ. ಹಾಲ್‌ನಲ್ಲಿ ಮುನ್ನೂರು ಜನ, ಮೊದಲ ಸಾಲಿನಲ್ಲಿ ಒಂದು ಪುಟ್ಟ ಹುಡುಗಿ ತಟ್ಟೆ ಮುಂದೆ ಚಾಚಿದಳು. ನಾನು ಬಡಿಸಿದೆ.