ತೊಂದರೆ: ಏನಿಲ್ಲ

ಮಾರ್ಚ್ 4, ಮಂಗಳವಾರ

ಅರವತ್ತಮೂರು ಹೊಟ್ಟೆ ಇವತ್ತು. ಹನ್ನೆರಡೂವರೆಗೆ ಮುಗಿಸಿದೆ. ಮಂಗಳವಾರ, ಶುಕ್ರವಾರ ಬಸುರಿಯರ ದಿನ. ಡಾಕ್ಟರಮ್ಮ ಒಬ್ಬರೇ. ನಾನಿಲ್ಲದಿದ್ದರೆ ಅವರ ಗತಿ ಅಷ್ಟೇ. ಮೊದಲು ನನ್ನ ಮೇಜು — ತೂಕ, ಬಿ.ಪಿ., ಆಮೇಲೆ ಕಾರ್ಡಿನಲ್ಲಿ ‘ತೊಂದರೆ’ ಅನ್ನುವ ಕಾಲಂ. ಒಬ್ಬೊಬ್ಬಳೂ ಪುರಾಣ ಬಿಚ್ಚುತ್ತಾಳೆ. ವಾಂತಿ, ಎದೆಯುರಿ, ಮಲಬದ್ಧತೆ, ಸೊಂಟನೋವು, ಕಾಲು ಬಾವು. ಈ ಮೇಜಿಗೆ ಬಂದು ಇಪ್ಪತ್ತೆರಡು ವರ್ಷ, ಅಂದಿನಿಂದ ಅದೇ. ಕಾಲಂನಲ್ಲಿ ಏನಾದರೂ ಬರೆದರೆ ಡಾಕ್ಟರ ಕೋಣೆಗೆ. ‘ಏನಿಲ್ಲ’ ಎಂದು ಬರೆದರೆ ಸೀದಾ ಮಾತ್ರೆ ಕಿಟಕಿಗೆ. ಯಾವುದು ಕಾಯಿಲೆ, ಯಾವುದು ನಾಟಕ — ಮುಖ ನೋಡಿದರೆ ಸಾಕು ನನಗೆ.

ಇವತ್ತು ಒಬ್ಬಳು ಬೇಕರಿಯವಳು ಬಂದಿದ್ದಳು. ಎಂಟು ತಿಂಗಳು. ಅಂಗೈ ಅಂಗಾಲು ತುರಿಕೆ, ಚರ್ಮದ ಮೇಲೆ ಒಂದು ಗುಳ್ಳೆಯೂ ಇಲ್ಲ. ಯಾಕೋ ಸರಿ ಕಾಣಲಿಲ್ಲ, ಬರೆದೆ. ಡಾಕ್ಟರಮ್ಮ ತಕ್ಷಣ ರಕ್ತಪರೀಕ್ಷೆಗೆ ಕಳಿಸಿದರು. ಲಿವರ್ ತೊಂದರೆಯಂತೆ, ಕೊನೆಯ ತಿಂಗಳುಗಳಲ್ಲಿ ಕೆಲವರಿಗೆ ಬರುತ್ತದಂತೆ. ತಾಯಿಗೆ ಬರೀ ನವೆ, ಮಗುವಿನ ಪ್ರಾಣಕ್ಕೇ ಅಪಾಯ. “ಸಿಸ್ಟರ್, ಬೇರೆ ಯಾರಾದ್ರೂ ಆಗಿದ್ರೆ ಪೌಡರ್ ಹಾಕ್ಕೋ ಹೋಗು ಅಂತಿದ್ರು,” ಎಂದರು. ಎಲ್ಲರೆದುರಿಗೆ!

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. “ನೀನೇ ಡಾಕ್ಟರ್ ಆಗ್ಬೇಕಿತ್ತಮ್ಮ,” ಎಂದ ಮಗ. ಸೊಸೆ ಮಾತ್ರ ತಟ್ಟೆ ಬಿಟ್ಟು ಎದ್ದಳು. ಅವಳ ಎದುರಿಗೆ ಇನ್ನೊಬ್ಬರನ್ನು ಹೊಗಳುವ ಹಾಗಿಲ್ಲ.

ಮಾರ್ಚ್ 6

ಸೊಸೆ ಮಹಾರಾಣಿಯವರ ಇವತ್ತಿನ ಪಟ್ಟಿ: ಮೀನಖಂಡದಲ್ಲಿ ಸೆಳೆತ. ಮಲಗಿದರೆ ಹುಳಿ ತೇಗು. ಎದ್ದರೆ ತಲೆಸುತ್ತು. ಮೂಗು ಕಟ್ಟಿದೆ — ಅದಕ್ಕೂ ಬಸುರೇ ಕಾರಣವಂತೆ! ಶಾಲೆಯಲ್ಲಿ ಲೆಕ್ಕದ ಮೇಡಂ ಅಲ್ಲವೇ, ನೋವನ್ನೂ ಒಂದು ಎರಡು ಮೂರು ಎಂದು ಹೇಳುತ್ತಾಳೆ. ಏಳನೇ ತಿಂಗಳಿಗೇ ರಜೆ ಹಾಕಿ ಕೂತಳು. ನಾನು ಮಗನನ್ನು ಹೊತ್ತಾಗ ವಾರ್ಡಿನಲ್ಲಿ ನಿಂತೇ ಇದ್ದೆ. ಟ್ರೇ ಕೆಳಗಿಟ್ಟು ಹೋಗಿ ಹೆತ್ತೆ. ಯಾರೂ ಸೊಂಟ ಒತ್ತಲಿಲ್ಲ.

ಮಗ ಇಡೀ ದಿನ ಲಿಫ್ಟ್ ರಿಪೇರಿ ಅಂತ ಕಂಡವರ ಕಟ್ಟಡ ಹತ್ತಿಳಿದು ಬರುತ್ತಾನೆ. ಬಂದವನೇ ಅವಳ ಕಾಲು ಹಿಡಿದು ಕೂರುತ್ತಾನೆ. ನನ್ನ ಕಾಲೂ ಎರಡಿವೆ ಎಂಬುದು ಮರೆತೇ ಹೋಗಿದೆ ಅವನಿಗೆ.

ಮಾರ್ಚ್ 9, ಭಾನುವಾರ

ನಕ್ಕೂ ನಕ್ಕೂ ಸಾಕಾಯಿತು. ಬಟ್ಟೆ ಒಣಹಾಕುತ್ತಿದ್ದೆ. ಹಿಂದೆ ಬಂದು ನಿಂತಳು.

“ಅತ್ತೆ, ನಂಗೂ ಅಂಗೈ ತುರೀತಿದೆ. ಅಂಗಾಲೂ.”

ಐದು ದಿನ! ಐದೇ ದಿನ ಸಾಕಾಯಿತು ಬೇಕರಿಯವಳ ಕಾಯಿಲೆ ನಮ್ಮ ಮನೆಗೆ ಬರಲು. ನಾನು ಹೇಳಿದ್ದು, ಇವಳು ಕೇಳಿದ್ದು, ಇವಳಿಗೂ ಬಂತು.

“ನಾಳೆ ಅವಳಿಗೆ ಅವಳಿ ಮಕ್ಕಳು ಅಂದ್ರೆ ನಿಂಗೂ ಅವಳಿ ಆಗುತ್ತೇನೇ?” ಎಂದೆ.

“ಇಲ್ಲ ಅತ್ತೆ, ನೀವು ಹೇಳೋಕ್ಕಿಂತ ಮೊದ್ಲೇ ಇತ್ತು. ಸೋಪಿಂದ ಅಂದ್ಕೊಂಡಿದ್ದೆ…”

ಮೊದಲೇ ಇತ್ತಂತೆ. ಮೂಗು ಕಟ್ಟಿದ್ದನ್ನೂ ಬಿಡದೆ ಹೇಳುವವಳು ಇದನ್ನು ಮುಚ್ಚಿಟ್ಟಿದ್ದಳಂತೆ! ಬಕೆಟ್ ಎತ್ತಿ ಕೈಗೆ ಕೊಟ್ಟೆ.

ಮಾರ್ಚ್ 11, ಮಂಗಳವಾರ

ಸರದಿಯಲ್ಲಿ ಇವಳೂ ಇದ್ದಳು. ಮೂವತ್ತಮೂರನೇ ವಾರ. ತೂಕ ಸರಿ, ಬಿ.ಪಿ. ಸರಿ. ಮೇಜಿನ ಮೇಲೆ ಅಂಗೈ ಬಿಚ್ಚಿಟ್ಟಳು. ಉಗುರಿನ ಗೆರೆಗಳು, ಅಷ್ಟೇ. ಕೆರೆದುಕೊಂಡರೆ ಯಾರ ಕೈಯಾದರೂ ಹಾಗೇ ಕಾಣುತ್ತದೆ.

ಬರೆದರೆ ಏನಾಗುತ್ತದೆ ಗೊತ್ತು. ಡಾಕ್ಟರಮ್ಮ ರಕ್ತ ತೆಗೆಸುತ್ತಾರೆ, ಏನೂ ಇರುವುದಿಲ್ಲ, ಆಮೇಲೆ ‘ಸಿಸ್ಟರ್ ಮನೆಯವರು ಅಂದರೆ ವಿಶೇಷ’ ಎಂದು ಲ್ಯಾಬಿನ ಹುಡುಗಿಯರು ಮೂಗು ಮುರಿಯುತ್ತಾರೆ. ಇಪ್ಪತ್ತೆರಡು ವರ್ಷದ ಹೆಸರು ನನ್ನದು.

ತೊಂದರೆ: ಏನಿಲ್ಲ. ಮುಂದಿನವಳು ಬಾ.

ಮನೆಗೆ ಬಂದ ಮೇಲೆ, “ಡಾಕ್ಟ್ರಮ್ಮಂಗೆ ಹೇಳಿದ್ರಾ ಅತ್ತೆ?” ಎಂದು ಕೇಳಿದಳು. ಹೇಳಿದೆ ಎಂದೆ. ಮಾಮೂಲು, ಎಣ್ಣೆ ಹಚ್ಚು ಅಂದರು ಎಂದೆ. ಅವಳ ಬಾಯಿ ಮುಚ್ಚಿಸಲು ಅಷ್ಟು ಹೇಳಬೇಕಾಯಿತು. “ಅಬ್ಬ,” ಎಂದು ಉಸಿರು ಬಿಟ್ಟಳು.

ಮಾರ್ಚ್ 14

ನಿಜವಾಗಿಯೂ ಎಣ್ಣೆ ಹಚ್ಚುತ್ತಿದ್ದಾಳೆ. ನೆಲದ ಮೇಲೆಲ್ಲ ಜಿಡ್ಡಿನ ಹೆಜ್ಜೆ. ಒರೆಸುವವಳು ನಾನು.

ಮಾರ್ಚ್ 19, ಬುಧವಾರ

ಪರೀಕ್ಷೆಯ ಪೇಪರು ಮನೆಗೆ ತರಿಸಿಕೊಂಡು ತಿದ್ದುತ್ತಾಳೆ — ಕಾಲೆರಡೂ ತಣ್ಣೀರಿನ ಬಕೆಟ್ಟಿನಲ್ಲಿ. ಬಾಚಣಿಗೆಯಿಂದ ಅಂಗಾಲು ಕೆರೆದುಕೊಳ್ಳುತ್ತಾಳೆ. ನನ್ನ ಬಾಚಣಿಗೆ! ಕಿತ್ತುಕೊಂಡೆ. ಹಲ್ಲುಗಳ ಸಂದಿಯಲ್ಲಿ ರಕ್ತ ಅಂಟಿತ್ತು. ಕಸದ ಬುಟ್ಟಿಗೆ ಹಾಕಿದೆ.

“ಮೂತ್ರ ಗಾಢವಾಗಿ ಹೋಗ್ತಿದೆ ಅತ್ತೆ. ಊಟಾನೂ ಸೇರ್ತಿಲ್ಲ. ತುರಿಕೆ ಜಾಸ್ತಿನೇ ಆಗಿದೆ.”

ನೀರು ಕುಡಿ ಎಂದೆ. ಲೆಕ್ಕದ ಮೇಡಂ ಎಲ್ಲೋ ಓದಿಕೊಂಡು ಬಂದು ಒಂದೊಂದೇ ಲಕ್ಷಣ ಸೇರಿಸುತ್ತಿದ್ದಾಳೆ. ಎಷ್ಟಾದರೂ ಓದಿದವಳು.

ಮಗನೂ ಕೇಳಿದ. “ಡಾಕ್ಟ್ರು ಏನಂದ್ರಮ್ಮ?”

“ಕಾರ್ಡ್ ನನ್ನ ಕೈಲೇ ಇದೆಯಲ್ಲೋ. ಏನಾದ್ರೂ ಇದ್ದಿದ್ರೆ ನಾನು ಬಿಡ್ತಿದ್ನಾ?”

ಊಟಕ್ಕೆ ಕೂತ. ಅವನಿಗೆ ನನ್ನ ಮಾತಿನ ಮೇಲೆ ಇನ್ನೂ ನಂಬಿಕೆ ಇದೆ. ಅಷ್ಟಾದರೂ ಉಳಿದಿದೆಯಲ್ಲ.

ಮಾರ್ಚ್ 25, ಮಂಗಳವಾರ

ಸರದಿಯಲ್ಲಿ ನನ್ನ ಮುಂದೆ ಬಂದಾಗ ಬಗ್ಗಿ, ಯಾರಿಗೂ ಕೇಳಿಸದ ಹಾಗೆ: “ಅತ್ತೆ, ದಯವಿಟ್ಟು ಬರೀರಿ. ಒಂದ್ಸಲ ಒಳಗೆ ಕಳಿಸಿ ನನ್ನ.”

ಕಣ್ಣಿನ ಬಿಳಿ ಸ್ವಲ್ಪ ಹಳದಿ ಅನ್ನಿಸಿತು. ಕಿಟಕಿಯ ಪರದೆ ಹಳದಿ, ಅದರ ಬೆಳಕಿರಬೇಕು.

ಪೆನ್ನು ಎತ್ತಿದ್ದೆ. ಸುಳ್ಳು ಬರೆಯುವುದಿಲ್ಲ ಇಲ್ಲಿ — ಎತ್ತಿದ್ದೆ. ಆದರೆ ಈಗ ಬರೆದರೆ ಡಾಕ್ಟರಮ್ಮ ಎಂದಿನಿಂದ ಎಂದು ಕೇಳುತ್ತಾರೆ. ಇವಳು ತಿಂಗಳಾಯಿತು ಎನ್ನುತ್ತಾಳೆ. ಅತ್ತೆ ಆಗಲೇ ನಿಮಗೆ ಹೇಳಿದ್ದರಲ್ಲ ಎನ್ನುತ್ತಾಳೆ. ಹಿಂದೆ ನಲವತ್ತು ಜನ ನಿಂತಿದ್ದರು.

ಏನಿಲ್ಲ.

ಇನ್ನು ನಾಲ್ಕೈದು ವಾರ. ಹೆತ್ತ ಮೇಲೆ ಎಲ್ಲ ಸರಿಹೋಗುತ್ತದೆ.

ಮಾರ್ಚ್ 31, ಸೋಮವಾರ, ಬೆಳಿಗ್ಗೆ 9

ನಿನ್ನೆ ಮಧ್ಯಾಹ್ನದಿಂದ ಮಗು ಒದ್ದಿಲ್ಲ ಎಂದಳು. ಜಾಗ ಕಡಿಮೆಯಾದಾಗ ಹಾಗೇ ಎಂದೆ. ಎಡಕ್ಕೆ ಮಲಗಿಸಿದೆ. ಸಕ್ಕರೆ ನೀರು ಕೊಟ್ಟೆ. ಆಸ್ಪತ್ರೆಯಿಂದ ಎದೆಬಡಿತ ಕೇಳುವ ಮಿಷನ್ ತಂದು ಇಟ್ಟೆ. ಒಂದು ಬಡಿತ ಸಿಕ್ಕಿತು. ಸಿಕ್ಕಿತಲ್ಲ ಎಂದೆ. ಅವಳ ಮಣಿಕಟ್ಟು ಹಿಡಿದು ನೋಡಿದೆ… ಎರಡೂ ಒಂದೇ ವೇಗ. ಅವಳದೇ ಅದು.

ಇನ್ನೊಂದು ಕಡೆ ಇಟ್ಟೆ. ಮತ್ತೊಂದು ಕಡೆ.

ಏಪ್ರಿಲ್ 5

ಹೆಣ್ಣು. ಎರಡು ಕೆ.ಜಿ. ಮುನ್ನೂರು. ತೂಗುವವಳು ನಾನಲ್ಲವೇ, ನನ್ನ ಕೈಗೇ ಕೊಟ್ಟರು. ಕೂದಲು ದಟ್ಟವಾಗಿತ್ತು. ಎಲ್ಲ ನೆಟ್ಟಗಿತ್ತು, ಉಗುರು ಕೂಡ.

ರಕ್ತದ ರಿಪೋರ್ಟ್ ಬಂತು. ಬೇಕರಿಯವಳದೇ ಕಾಯಿಲೆ, ಅವಳಿಗಿಂತ ಮೂರು ಪಾಲು ಹೆಚ್ಚು.

ಡಾಕ್ಟರಮ್ಮ ಮಂಚದ ಪಕ್ಕ ನಿಂತು ಕಾರ್ಡ್ ತಿರುವಿ ಹಾಕಿದರು. ಮಗ ಇದ್ದ. ನಾನೂ ಇದ್ದೆ.

“ಯಾಕಮ್ಮ ಹೇಳ್ಲಿಲ್ಲ? ಎರಡು ಸಲಾನೂ ‘ಏನಿಲ್ಲ’ ಅಂತಿದೆಯಲ್ಲ.”

“ಅತ್ತೆಗೆ ಹೇಳಿದ್ದೆ ಡಾಕ್ಟ್ರೇ. ಅವ್ರು ನಿಮಗೆ ಹೇಳಿದ್ರಲ್ಲ… ಎಣ್ಣೆ ಹಚ್ಚು ಅಂದ್ರಂತಲ್ಲ ನೀವು.”

ಮೂರು ಜನ ನನ್ನ ಕಡೆ ನೋಡಿದರು.

“ನಂಗಾ? ಯಾವಾಗಮ್ಮ?” ಎಂದೆ.

ಎಷ್ಟು ಮೆತ್ತಗಿತ್ತು ನನ್ನ ದನಿ. ರೋಗಿಗಳ ಜೊತೆ ಆಡುವ ದನಿ. ಡಾಕ್ಟರಮ್ಮ ಮಗನನ್ನು ಪಕ್ಕಕ್ಕೆ ಕರೆದರು. ಹೇಳಿದ್ದು ನನಗೂ ಕೇಳಿಸಿತು. “ಯಾರೋ ಹೊರಗಿನೋಳ ಕಾಯಿಲೆನೇ ಕಂಡು ಹಿಡಿದೋರು ಇವ್ರು. ಮನೇಲೇ ಇರೋಳದ್ದು ಬಿಡ್ತಾರಾ? ಇಂಥ ಆಘಾತದಲ್ಲಿ ಏನೇನೋ ಹೇಳ್ತಾರೆ, ಬೇಜಾರು ಮಾಡ್ಕೋಬೇಡಿ.”

ನಾನು ಉಳಿದುಕೊಂಡೆ. ಸಮಾಧಾನವಾಯಿತು. ಅದೇ ಕ್ಷಣ, ಆ ಮಗು ಪಕ್ಕದ ಕೋಣೆಯಲ್ಲಿರುವಾಗಲೇ, ಸಮಾಧಾನವಾಯಿತು ನನಗೆ.

ಏಪ್ರಿಲ್ 8

ಮನೆಗೆ ಕರೆತಂದೆವು. ತುರಿಕೆ ಪೂರ್ತಿ ನಿಂತಿದೆ. ಸುಮ್ಮನೆ ಅಂಗೈ ನೋಡಿಕೊಂಡು ಕೂರುತ್ತಾಳೆ. ಮಗ ಅವಳ ಕೋಣೆಗೆ ಹೋಗುತ್ತಿಲ್ಲ. ಹಾಲ್‌ನಲ್ಲಿ ಮಲಗುತ್ತಾನೆ.

“ಇಷ್ಟು ಜೋರಾಗಿದೆ ಅಂತ ನಂಗಾದ್ರೂ ಹೇಳ್ಬೋದಿತ್ತಲ್ಲ. ಈಗ ಅಮ್ಮನ ಮೇಲೆ ಹಾಕ್ತಾಳೆ,” ಎಂದ. ಅತ್ತ. ತಲೆ ಸವರಿದೆ. ಎಷ್ಟು ವರ್ಷವಾಗಿತ್ತು ಅವನು ನನ್ನ ಮಡಿಲಲ್ಲಿ ತಲೆಯಿಟ್ಟು.

ಏಪ್ರಿಲ್ 11, ಶುಕ್ರವಾರ

ಕೆಲಸಕ್ಕೆ ಹೋದೆ. ಐವತ್ತೆಂಟು ಜನ. ಬೇಕರಿಯವಳು ಗಂಡುಮಗು ಎತ್ತಿಕೊಂಡು ಬಂದಿದ್ದಳು, ಜೊತೆಗೆ ಒಂದು ಡಬ್ಬಿ ಕೇಕ್. ಸ್ವಲ್ಪ ಮೊದಲೇ ಹೆರಿಗೆ ಮಾಡಿಸಿದರಂತೆ. “ನೀವು ಬರೆದಿದ್ದಕ್ಕೆ ಉಳೀತು ಸಿಸ್ಟರ್,” ಎಂದು ಮಗುವನ್ನು ನನ್ನ ಕೈಗೆ ಹಾಕಿದಳು. ಬೆಚ್ಚಗಿತ್ತು. ಇಳಿಸಲು ಜಾಗ ಸಿಗದೆ ತೂಕದ ತಟ್ಟೆಯಲ್ಲಿ ಇಟ್ಟೆ.

ಕೇಕನ್ನು ಲ್ಯಾಬಿನವರಿಗೆ ಹಂಚಿದೆ.

ಏಪ್ರಿಲ್ 13, ಭಾನುವಾರ, ಮಧ್ಯಾಹ್ನ 3

ಇವತ್ತು ಅವಳನ್ನು ಅವಳ ಅಣ್ಣನ ಮನೆಗೆ ಬಿಡುತ್ತಾನಂತೆ. ಮತ್ತೆ ಯಾವಾಗ ಕರೆತರುತ್ತೀಯ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಗಾಡಿ ತರಲು ಹೊರಡುವ ಮೊದಲು ಬಾಗಿಲಲ್ಲಿ ನಿಂತ.

“ಅಮ್ಮಾ, ಒಂದೇ ಸಲ ಕೇಳ್ತೀನಿ. ಅವ್ಳು ಹೇಳಿದ್ಲಾ?”

“ಇಲ್ಲ ಕಣೋ.”

ನಾಲಿಗೆ ಒಂಚೂರೂ ತಡವರಿಸಲಿಲ್ಲ.

ಅವನು ಹೋದ ಮೇಲೆ ಅವಳು ಬಂದಳು. ಹೊಟ್ಟೆಯಿಲ್ಲದೆ ನೈಟಿ ಜೋತುಬಿದ್ದಿತ್ತು. ಜಗಳಕ್ಕೆ ಬಂದಳು ಎಂದುಕೊಂಡೆ. ನನ್ನ ಮಂಚದ ಪಕ್ಕ, ನೆಲದ ಮೇಲೆ ಕೂತಳು.

“ಅತ್ತೆ, ಈಗ ಯಾರೂ ಇಲ್ಲ. ಒಂದು ಕೇಳ್ತೀನಿ. ನಾನು ಹೇಳಿದ್ದೆ ಅಲ್ವಾ? ಅವ್ರಿಗೆ ಹೇಳೋದು ಬೇಡ. ಡಾಕ್ಟ್ರಿಗೂ ಬೇಡ. ನಾನು ಹೋಗ್ತೀನಿ. ಎಲ್ಲಾರೂ ಹೇಳ್ಲಿಲ್ಲ ಹೇಳ್ಲಿಲ್ಲ ಅಂತಿದ್ದಾರೆ… ಬರೀ ಮನಸಲ್ಲೇ ಅಂದ್ಕೊಂಡ್ನಾ ಅಂತ ಈಗ ನಂಗೇ ಭಯ ಆಗ್ತಿದೆ. ನನ್ನ ಮಗೂನ ನಾನೇ ಕೊಂದ್ನಾ? ಬರೀ ತಲೆ ಆಡ್ಸಿ ಸಾಕು.”

ತಲೆ ಆಡಿಸಬೇಕಿತ್ತು. ಅಷ್ಟೇ. ಬಾಯಿ ಬಿಡುವುದೂ ಬೇಕಿರಲಿಲ್ಲ.

“ಬಟ್ಟೆ ಮಡಚಿ ಆಯ್ತಾ? ಹೊತ್ತಾಯ್ತು ನೋಡು,” ಎಂದೆ.

ನೆಲಕ್ಕೆ ಕೈಯೂರಿದಳು. “ಹಂಗಾದ್ರೆ ಹೇಳಿರ್ಲಿಲ್ಲ ನಾನು,” ಎಂದಳು. ನನಗಲ್ಲ, ತನಗೇ ಹೇಳಿಕೊಂಡಳು. ಲೆಕ್ಕ ಮುಗಿಸಿದವಳ ಹಾಗೆ ಎದ್ದು ಹೋದಳು.

3.40

ಕೆಳಗಿಳಿದಳು. ಕಿಟಕಿಯಿಂದ ಕಾಣುತ್ತಿದೆ. ಡಿಕ್ಕಿ ಮುಚ್ಚುತ್ತಿಲ್ಲ, ಮಗ ಬಡಿಯುತ್ತಿದ್ದಾನೆ. ಅವಳು ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ, ಮುಂದೆ ಅಲ್ಲ.

ಹೇಳಿದ್ದಳು. ಒಂಬತ್ತನೇ ತಾರೀಖು ಹೇಳಿದಳು, ಹತ್ತೊಂಬತ್ತಕ್ಕೆ ಹೇಳಿದಳು, ಇಪ್ಪತ್ತೈದಕ್ಕೆ ಬೇಡಿಕೊಂಡಳು. ಎಲ್ಲ ಇದೇ ಪುಸ್ತಕದಲ್ಲಿದೆ, ನನ್ನದೇ ಅಕ್ಷರದಲ್ಲಿ. ಎರಡು ಮಹಡಿ ಇಳಿದರೆ ಸಾಕು. ಕೂಗಿದರೂ ಕೇಳಿಸುತ್ತದೆ. ಡಿಕ್ಕಿ ಇನ್ನೂ ಮುಚ್ಚಿಲ್ಲ. ಈ ಪುಟಗಳನ್ನು —