ತಾತನ ಕೋವಿಗೆ ಗರಗಸ ಹಾಕಬೇಡ

ಮಗಳೇ,

ಗರಗಸ ಹುಡುಕಬೇಡ, ನನ್ನ ಜೊತೆಗೇ ಒಯ್ದಿದ್ದೇನೆ. "ಅಪ್ಪಾ, ತಾತನ ಕೋವಿಯ ಹಿಂಬದಿಯ ಮರ ನನ್ನ ಭುಜಕ್ಕೆ ಉದ್ದ, ಎರಡು ಬೆರಳಷ್ಟು ಕುಯ್ದರೆ ಆಕಾಶ ಬೀಳುತ್ತಾ?" ಅಂದೆಯಲ್ಲ, ಬೀಳುತ್ತೆ! ತಾತನ ಕೆನ್ನೆ ಒರಗಿ ಒರಗಿ ಆ ಮರ ಕನ್ನಡಿಯಾಗಿದೆ. ಅದರಲ್ಲಿ ನೋಡಿಕೊಂಡೇ ನಾನು ಮೀಸೆ ಕತ್ತರಿಸಿಕೊಂಡವನು.

ಹಾಗಂತ ನಾಳೆಯ ಗುರಿ ಹೊಡೆಯುವ ಸ್ಪರ್ಧೆಯಲ್ಲಿ ನೀನು ಸೋತು ಬಂದರೆ ನೋಡಿಕೊಂಡಿರುವಷ್ಟು ಕಲ್ಲೆದೆ ನನಗಿಲ್ಲ. ಅದಕ್ಕೇ ನಿನ್ನ ಅಳತೆಗೆ ಬೇರೆಯದೇ ಮರ ಕೆತ್ತಿಟ್ಟಿದ್ದೇನೆ. ಮೂರು ಲೋಕದಲ್ಲೂ ಇಂಥ ಬಡಗಿ ಇಲ್ಲ ಅಂತ ನಾನೇ ಹೇಳಿಕೊಳ್ಳಬಾರದು, ನೀನು ಹೇಳು. ಎರಡು ತಿರುಪು ಬಿಚ್ಚಿ ಹೊಸದನ್ನು ಕೂರಿಸಿಕೋ. ತಾತನದನ್ನು ಕಂಬಳಿಯಲ್ಲಿ ಸುತ್ತಿ ಬೀರುವಿನಲ್ಲಿ ಮಲಗಿಸು. ಗೆದ್ದು ಬಂದ ಮೇಲೆ ಮತ್ತೆ ಅದನ್ನೇ ಹಾಕೋಣ.

ಇನ್ನೊಂದು ಮಾತು. ಇಷ್ಟು ಚೆನ್ನಾಗಿ ಒಣಗಿದ ಮರ ಊರೆಲ್ಲ ಜಾಲಾಡಿದರೂ ಸಿಗಲಿಲ್ಲ, ಮನೆಯಲ್ಲೇ ಸಿಕ್ಕಿತು. ಊಟದ ಮೇಜಿನ ಬಟ್ಟೆ ಎತ್ತಬೇಡ. ನಡುವಿನ ಹಲಗೆ ಈಗ ನಿನ್ನ ಭುಜದ ಪಾಲು. ಬೇರೆ ಹಲಗೆ ತರಲು ಹೋಗಿದ್ದೇನೆ. ಅಷ್ಟರಲ್ಲಿ ಅಮ್ಮ ಬಿಸಿ ಪಾತ್ರೆ ಹಿಡಿದು ಆ ಕಡೆ ಬಂದರೆ, ಕೋವಿಯ ಗುಂಡಿಗಿಂತ ಜೋರಾಗಿ ಓಡಿ ಅಡ್ಡ ನಿಲ್ಲು.

ಅಮ್ಮ ಬದುಕಲು ಬಿಟ್ಟರೆ,
ನಿನ್ನ ಅಪ್ಪ